ಫೋಟೊವನ್ನು ಮೂಲೆಯಿಂದ ನೋಡಬೇಕು

ನಮ್ಮ ಮನೆಗಳಲ್ಲಿ ಹಳೆಯ ಫೋಟೊ ನೋಡುವುದಕ್ಕೊಂದು ಪದ್ಧತಿಯಿದೆ. ಟ್ರಂಕಿನ ತಳದಿಂದ ಆಲ್ಬಮ್ ಈಚೆ ಬರುತ್ತದೆ, ನಾಲ್ಕು ಜನ ಸುತ್ತ ಕೂರುತ್ತಾರೆ, "ಇದು ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಶುರುವಾಗುತ್ತದೆ. ಹೆಸರು ಸಿಕ್ಕಿತೋ, ಪುಟ ತಿರುಗಿತು. ಕಾಫಿ ಆರುವಷ್ಟರಲ್ಲಿ ಮೂರು ತಲೆಮಾರು ಮುಗಿದಿರುತ್ತದೆ. ಕಛೇರಿಗೆ ಹೋಗಿ, ಹಾಡುತ್ತಿರುವುದು ಕಲ್ಯಾಣಿ ಎಂದು ಗುರುತು ಹಿಡಿದು, ಅಷ್ಟಕ್ಕೇ ಎದ್ದು ಬಂದ ಹಾಗೆ.

ಫೋಟೊ ನೋಡುವ ಚಪಲ ಹೊಸದಾಗಿ ಹತ್ತಿಸಿಕೊಂಡವರಿಗೆ ನಾನು ಹೇಳುವುದು ಒಂದೇ ಮಾತು: ಮುಖದಿಂದ ಶುರು ಮಾಡಬೇಡಿ, ಮೂಲೆಯಿಂದ ಶುರು ಮಾಡಿ. ಫೋಟೊದ ನಡುಭಾಗ ಸ್ಟುಡಿಯೋದವನ ಸೊತ್ತು. ಗದ್ದ ಎತ್ತಿಸಿದವನು ಅವನು, ಭುಜ ಓರೆ ಮಾಡಿಸಿದವನು ಅವನು, "ಅಲ್ಲಾಡಬೇಡಿ" ಅಂದವನೂ ಅವನೇ. ಹಾಗಾಗಿ ಎಲ್ಲರ ಮನೆಯ ಅಜ್ಜ ಅಜ್ಜಿಯೂ ನಡುವಿನಲ್ಲಿ ಒಂದೇ ಥರ ಕಾಣುತ್ತಾರೆ. ಅಂಚಿನಲ್ಲಿ ಮಾತ್ರ ಅವನ ಅಧಿಕಾರ ಸಡಿಲವಾಗುತ್ತದೆ.

ಒಂದು ಸ್ಟುಡಿಯೋ ಫೋಟೊ ಕೈಗೆತ್ತಿಕೊಳ್ಳಿ. ಹಿಂದೆ ಪರದೆ: ಅರಮನೆಯ ಮೆಟ್ಟಿಲು, ಕಂಬ, ದೂರದಲ್ಲೊಂದು ಕೊಳ. ಈಗ ಕಣ್ಣನ್ನು ಕೆಳಗಿಳಿಸಿ, ಪರದೆ ನೆಲಕ್ಕೆ ತಾಗುವ ಗೆರೆಗೆ ಬನ್ನಿ. ಅಲ್ಲೊಂದು ಮಡಿಕೆ ಇರುತ್ತದೆ. ಅರಮನೆಯ ಅಮೃತಶಿಲೆ ಮುಗಿದು ಸೀದಾ ಚಾಪೆಯೋ ಜಮಖಾನವೋ ಶುರುವಾಗುತ್ತದೆ. ಅದರ ಮೇಲೆ ಪಾದಗಳು. ಕೋಟು, ಪೇಟ, ಕೈಯಲ್ಲಿ ಕೋಲು ಎಲ್ಲ ಇದ್ದು ಕಾಲು ಬರಿಗಾಲು. ಕೋಟು ಸ್ಟುಡಿಯೋದ್ದೂ ಇರಬಹುದು, ಪಾದ ಮಾತ್ರ ಸ್ವಂತದ್ದು. ಇನ್ನೊಂದರಲ್ಲಿ ಮದುಮಗ ಎಡಗೈಯನ್ನು ಮಂಡಿಯ ಮೇಲೆ ವಿಚಿತ್ರವಾಗಿ ಹೊರಳಿಸಿಕೊಂಡು ಕೂತಿದ್ದಾನೆ. ಯಾಕೆಂದು ನೋಡಿದರೆ ಹೊಸ ಗಡಿಯಾರ. ತೊಟ್ಟಿಲ ಕೂಸಿನ ಫೋಟೊ ಆದರೆ ಕೂಸನ್ನು ಬಿಟ್ಟುಬಿಡಿ, ಅದು ಹೇಗೂ ಅಲ್ಲಾಡಿ ಮಸುಕಾಗಿರುತ್ತದೆ. ಪಕ್ಕದಿಂದ ಬಂದು ಅದರ ಬೆನ್ನಿಗೆ ಆಸರೆ ಕೊಟ್ಟಿರುವ ಒಂದು ಕೈ ಹುಡುಕಿ. ಬಳೆ ಎಷ್ಟಿವೆ ಎಣಿಸಿ. ಆ ಕೈಯವಳನ್ನು ಚೌಕಟ್ಟಿನ ಆಚೆಗೆ ನಿಲ್ಲಿಸಲಾಗಿತ್ತು, ಆದರೂ ಒಳಗೆ ಬಂದಿದ್ದಾಳೆ.

ಯಾರೂ ಯಾಕೆ ನಕ್ಕಿಲ್ಲ ಅಂತ ಹುಡುಗರು ಕೇಳುತ್ತಾರೆ. ಆಗ ಕ್ಯಾಮೆರಾ ನಿಧಾನ, ಅಷ್ಟು ಹೊತ್ತು ನಗು ಹಿಡಿದಿಡಲು ಆಗುತ್ತಿರಲಿಲ್ಲ ಎಂಬುದು ಸಿದ್ಧ ಉತ್ತರ. ಫೋಟೊಗ್ರಫಿಯ ಶುರುವಿನ ದಶಕಗಳಿಗೆ ಇದು ಸರಿ. ಆದರೆ ನಮ್ಮ ಗೋಡೆಗಳ ಮೇಲಿರುವ ಫೋಟೊಗಳಲ್ಲಿ ಬಹುಪಾಲು ತೆಗೆದ ಕಾಲಕ್ಕೆ ಶಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚುತ್ತಿತ್ತು. ನಗದೇ ಇದ್ದದ್ದು ಮರ್ಯಾದೆಯ ಲೆಕ್ಕ ಅಂತ ನನ್ನ ಎಣಿಕೆ. ಫೋಟೊ ತೆಗೆಸಿಕೊಳ್ಳುವುದು ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವಂಥ ಕೆಲಸವಾಗಿತ್ತು. ಅಲ್ಲಿ ಯಾರು ಹಲ್ಲು ಬಿಡುತ್ತಾರೆ?

ಇನ್ನು ಬಣ್ಣ. ಕಪ್ಪು ಬಿಳುಪಿನಲ್ಲಿ ಬಣ್ಣವೆಲ್ಲಿ ಅನ್ನಬೇಡಿ. ನಮ್ಮ ದೊಡ್ಡತ್ತೆಯ ಮದುವೆ ಫೋಟೊ ನೋಡಿದ ಒಬ್ಬಳು ಸೊಸೆ, "ಧಾರೆಗೆ ಕಪ್ಪು ಸೀರೆ ಉಟ್ಟಿದ್ದಾರಲ್ಲ!" ಅಂತ ಗಾಬರಿಯಾಗಿದ್ದಳು. ಸೀರೆ ಅಚ್ಚ ಕೆಂಪು. ಹಳೆಯ ಫಿಲ್ಮುಗಳಲ್ಲಿ ಆರ್ಥೊಕ್ರೋಮ್ಯಾಟಿಕ್ ಅನ್ನುವ ಜಾತಿ ಒಂದಿತ್ತು. ಅದಕ್ಕೆ ನೀಲಿ, ಹಸಿರು ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಉರಿಸಿಕೊಂಡೇ ಅದನ್ನು ತೊಳೆಯಬಹುದಿತ್ತು. ಫಿಲ್ಮಿಗೆ ಕಾಣದ್ದು ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ಆದ್ದರಿಂದ ಕುಂಕುಮ ಮಸಿಬೊಟ್ಟಿನ ಹಾಗೆ, ವೀಳ್ಯ ಹಾಕಿದ ತುಟಿ ಇದ್ದಿಲಿನ ಹಾಗೆ. ನೀಲಿ ಆಕಾಶ ಮಾತ್ರ ಸುಣ್ಣ ಬಳಿದ ಗೋಡೆ. ಮುಂದೆ ಎಲ್ಲ ಬಣ್ಣವನ್ನೂ ಗ್ರಹಿಸುವ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮ್ ಎಲ್ಲ ಕಡೆ ಬಳಕೆಗೆ ಬಂದಾಗ ಕುಂಕುಮ ಬೂದಿಯಾಯಿತು. ಇದು ತಿಳಿದ ಮೇಲೆ ಅಜ್ಜಿಯ ಹಣೆಯನ್ನು ಭೂತಗನ್ನಡಿ ಹಿಡಿದು ನೋಡಿ. ಕಪ್ಪಗಿರುವ ಕಡೆಯೆಲ್ಲ ಕೆಂಪು ತುಂಬಿಕೊಳ್ಳುವ ಅಭ್ಯಾಸ ಕಣ್ಣಿಗೆ ತಾನಾಗಿಯೇ ಬರುತ್ತದೆ.

ಇಷ್ಟಾದ ಮೇಲೆ ಫೋಟೊವನ್ನು ಚಿತ್ರ ಅಂತ ನೋಡುವುದು ಬಿಟ್ಟು ವಸ್ತು ಅಂತ ನೋಡಬೇಕು. ಕಿಟಕಿಯ ಹತ್ತಿರ ಓರೆಯಾಗಿ ಹಿಡಿದರೆ ಅಂಚಿನ ಕಪ್ಪು ಜಾಗದಲ್ಲಿ ನೀಲಿ ಛಾಯೆಯ ಕನ್ನಡಿ ಹೊಳಪು ಕಂಡೀತು. ಚಿತ್ರದೊಳಗಿನ ಬೆಳ್ಳಿ ವರ್ಷಗಳ ಗಾಳಿ, ತೇವಕ್ಕೆ ಮೇಲೆದ್ದು ಬಂದಿರುವುದು ಅದು. ಗೊತ್ತಿಲ್ಲದವರು ಬಟ್ಟೆಯಲ್ಲಿ ಉಜ್ಜುತ್ತಾರೆ, ಉಜ್ಜಬೇಡಿ. ಕೆಲವು ಪ್ರಿಂಟುಗಳ ಅಂಚು ಗರಗಸದ ಹಲ್ಲಿನ ಹಾಗೆ ಕತ್ತರಿಸಿರುತ್ತದೆ, ಕೆಲವಕ್ಕೆ ಕೈಯಿಂದ ಬಣ್ಣ ಹಚ್ಚಿರುತ್ತದೆ. ಹಚ್ಚಿದವನು ಕೆನ್ನೆಗೆ ಧಾರಾಳಿ, ಸೆರಗಿಗೆ ಜಿಪುಣ. ಇನ್ನು ಎಪ್ಪತ್ತರ ದಶಕದ ಕಲರ್ ಫೋಟೊಗಳು ಆಲ್ಬಮ್ಮಿನ ಕತ್ತಲಲ್ಲೇ ಇದ್ದೂ ಕೆಂಪಡರಿ ಕೂತಿವೆಯಲ್ಲ, ಅವುಗಳ ಹಸಿರುನೀಲಿ ಬಣ್ಣದ ಪದರ ಎಲ್ಲಕ್ಕಿಂತ ಮೊದಲು ಸತ್ತಿದೆ, ಅಷ್ಟೇ. ತಾತನ ಕಪ್ಪು ಬಿಳುಪು ಗಟ್ಟಿಯಾಗಿ ನಿಂತು ಮಗಳ ಕಲರ್ ಫೋಟೊ ಮಂಕಾಗಿರುವುದಕ್ಕೆ ಇದೇ ಕಾರಣ.

ಪ್ರವಾಸದ ಫೋಟೊಗಳ ಹತ್ತಿರ ಬಂದಾಗ ನನಗೆ ಸ್ವಲ್ಪ ಪಕ್ಷಪಾತ ಹೆಚ್ಚು. ಸ್ಟುಡಿಯೋದವನೇ ಇಲ್ಲದ ಮೇಲೆ ಇಡೀ ಫೋಟೊವೇ ಒಂದು ಅಂಚು. ನಮ್ಮ ಮನೆಯಲ್ಲಿದ್ದದ್ದು ಆಗ್ಫಾ ಕ್ಲಿಕ್ 3, ಆಗಿನ ಎಷ್ಟೋ ಮಧ್ಯಮವರ್ಗದ ಮನೆಗಳಲ್ಲಿ ಇದ್ದ ಹಾಗೆ. ಒಂದು ಸಾದಾ ಮಸೂರ, ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಮುಗಿಯಿತು ತಂತ್ರಜ್ಞಾನ. 120 ಅಳತೆಯ ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಹನ್ನೆರಡೇ! ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಜೋಗ ಎಲ್ಲಕ್ಕೂ ಸೇರಿ ಹನ್ನೆರಡು. ಬಸ್ಸಿನಲ್ಲೇ ಹಂಚಿಕೆಯಾಗುತ್ತಿತ್ತು: ಬಾಹುಬಲಿಗೆ ಎರಡು, ಜೋಗಕ್ಕೆ ಮೂರು. ಅದಕ್ಕೇ ಆ ಫೋಟೊಗಳಲ್ಲಿ ಎಲ್ಲರೂ ಬಾಚಿಕೊಂಡು ನಿಂತಿರುತ್ತಾರೆ. ತಲೆ ಕೆದರಿದ ಫೋಟೊ ಸಿಕ್ಕಿತೆಂದರೆ ಅದು ರೋಲ್ ಮುಗಿಸಲಿಕ್ಕೆಂದು ಮನೆಗೆ ಬಂದು ಹಿತ್ತಲಲ್ಲಿ ತೆಗೆದ ಹನ್ನೆರಡನೆಯದು. ಸುಮ್ಮನೆ ತೆಗೆದದ್ದು. ನನ್ನ ಕೇಳಿದರೆ ಆಲ್ಬಮ್ಮಿಗೆಲ್ಲ ಚಂದದ್ದು ಅದೇ: ಬಾವಿಕಟ್ಟೆ, ಒಣಹಾಕಿದ ಕೊಬ್ಬರಿ, ಅರ್ಧ ಹೊರಗೆ ಹೋಗಿರುವ ನಾಯಿ.

ಇಂಥ ಕ್ಯಾಮೆರಾದಲ್ಲಿ ಫಿಲ್ಮ್ ಸುತ್ತುವುದು ಮರೆತರೆ ಒಂದರ ಮೇಲೊಂದು ಚಿತ್ರ ಬೀಳುತ್ತಿತ್ತು. ನಮ್ಮ ಚಿಕ್ಕಪ್ಪ ಒಂದು ಫೋಟೊದಲ್ಲಿ ಹಳೇಬೀಡಿನ ನಂದಿಗೆ ಒರಗಿ ನಿಂತಿದ್ದಾರೆ, ಎದೆಯ ಮಧ್ಯದಿಂದ ಜೋಗದ ರಾಜಾ ಧುಮುಕುತ್ತಿದೆ. ಇದು ಕೆಟ್ಟುಹೋದದ್ದೆಂದು ಯಾರೋ ಆಲ್ಬಮ್ಮಿನಿಂದ ಕಿತ್ತು ಲಕೋಟೆಗೆ ಹಾಕಿದ್ದರು. ರಸಿಕರು ಮೊದಲು ಹುಡುಕಬೇಕಾದದ್ದು ಆ ಲಕೋಟೆಯನ್ನು.

ಜೋಗದ ಫೋಟೊ ಇದ್ದರೆ ನೀರನ್ನೂ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದದ್ದು 1964ರಲ್ಲಿ. ಅಲ್ಲಿಂದ ಮುಂದೆ ಶರಾವತಿ ತನ್ನ ಮನಸ್ಸಿಗೆ ಬಂದಂತೆ ಧುಮುಕಲಿಲ್ಲ. ಅದಕ್ಕೂ ಹಿಂದಿನದೊಂದು ಪುಟ್ಟ ಚೌಕ ಪ್ರಿಂಟು ನಿಮ್ಮಲ್ಲಿದ್ದರೆ ಹೆಂಡತಿ ಮಕ್ಕಳನ್ನು ನಿಲ್ಲಿಸಿ ತೆಗೆದ ಆ ಚಿತ್ರದ ಹಿಂಬದಿಯಲ್ಲಿ ಬೇರೊಂದು ನದಿಯಿದೆ.

ಹಂಪಿಯ ಕಥೆ ಇನ್ನೂ ಸ್ವಾರಸ್ಯ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಈಗ ನಮ್ಮ ಐವತ್ತರ ನೋಟಿನ ಮೇಲೂ ಇದೆ, ಚಪ್ಪಟೆ ತಲೆಯ ರಥ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್ ಇಟ್ಟುಕೊಂಡು ಹಂಪಿಯೆಲ್ಲ ಸುತ್ತಿದ. ಅವನ ಚಿತ್ರದಲ್ಲಿ ಅದೇ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರವಿದೆ! ಮುಂದೆ ಎಂದೋ ಅದನ್ನು ಇಳಿಸಿದರು. ಗ್ರೀನ್‌ಲಾ ನಿಂತ ಜಾಗಗಳಲ್ಲೇ 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ನಿಂತು ಮತ್ತೆ ಫೋಟೊ ತೆಗೆದರು. ಈ ಆಟ ನೀವೂ ಆಡಬಹುದು. ಅಪ್ಪ ನಿಂತ ಮೆಟ್ಟಿಲು ಹುಡುಕಿ, ಹಳೆ ಪ್ರಿಂಟನ್ನು ಕೈಯಲ್ಲಿ ಹಿಡಿದು, ಕಂಬದ ಮೂಲೆಗೆ ಕಂಬದ ಮೂಲೆ ಕೂಡುವವರೆಗೂ ಹಿಂದೆ ಮುಂದೆ ಹೆಜ್ಜೆ ಹಾಕಿ. ಕೂಡಿದ ಕ್ಷಣ ನೀವು ನಿಂತಿರುವುದು ಅಂದು ಕ್ಯಾಮೆರಾ ಹಿಡಿದವರ ಹೆಜ್ಜೆಯ ಮೇಲೆ. ಅವರ ಎತ್ತರವೂ ಗೊತ್ತಾಗುತ್ತದೆ; ನಾನು ಬೇಲೂರಿನಲ್ಲಿ ಗೇಣುದ್ದ ಬಗ್ಗಬೇಕಾಯಿತು.

ಕಣ್ಣು ಪಳಗಿಸಿಕೊಳ್ಳಲು ದೊಡ್ಡವರ ಕೆಲಸವನ್ನೂ ನೋಡಬೇಕು. ಮೈಸೂರಿನ ಟಿ.ಎಸ್. ಸತ್ಯನ್ ಅವರಿಂದ ಶುರು ಮಾಡಿ. ಅವರ ಫೋಟೊಗಳಲ್ಲಿ ಶಾಲೆಯ ಹುಡುಗರು, ರಸ್ತೆಬದಿಯ ಜನ, ನಿತ್ಯದ ಬದುಕು. ವಿಶೇಷವೇನೂ ನಡೆಯುತ್ತಿಲ್ಲ ಅನ್ನಿಸುವ ಹೊತ್ತಿಗೆ ಅವರು ಶಟರ್ ಒತ್ತಿರುತ್ತಾರೆ.

ಮನೆಯಲ್ಲಿ ಆಲ್ಬಮ್ ಇಲ್ಲದವರು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿಗೆ ಹೋಗಬಹುದು. ಹಿತ್ತಾಳೆ ಬೀಗ, ನಿಂತ ಗಡಿಯಾರ, ಮುರುಕು ರೇಡಿಯೋಗಳ ನಡುವೆ ಒಮ್ಮೊಮ್ಮೆ ಯಾರದೋ ಮನೆಯ ಫೋಟೊಗಳೂ ಇರುತ್ತವೆ. ಹೆಸರಿಲ್ಲದ ಮದುಮಕ್ಕಳು ಗೋಣಿಚೀಲದ ಮೇಲೆ ಬಿಸಿಲು ಕಾಯುತ್ತ ಬಿದ್ದಿರುವುದನ್ನು ಕಂಡರೆ ನನಗೆ ಹೊಟ್ಟೆ ತೊಳಸುತ್ತದೆ. ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ಅಂಗಡಿಯವನಿಗೆ ಅದೂ ಗೊತ್ತು. ಕೊಂಡರೆ ಮೊದಲು ಹಿಂಬದಿ ತಿರುಗಿಸಿ. ಸ್ಟುಡಿಯೋದ ಮೊಹರು, ನೆಗೆಟಿವಿನ ನಂಬರು, ಕೆಲವೊಮ್ಮೆ ಒಂದು ಕಿರಾಣಿ ಲೆಕ್ಕ ಸಿಗುತ್ತದೆ.

ಕಾಪಾಡುವ ವಿಚಾರದಲ್ಲಿ ನಾನು ಬುದ್ಧಿ ಹೇಳುವ ಯೋಗ್ಯತೆ ಕಳೆದುಕೊಂಡವನು. ಅಜ್ಜನದೊಂದು ದೊಡ್ಡ ಫೋಟೊ, ಮಲೆನಾಡಿನ ಮಳೆಗೆ ಫ್ರೇಮಿನ ಗಾಜಿಗೆ ಅಂಟಿಕೊಂಡಿತ್ತು. ಪ್ರಿಂಟಿನ ಮೇಲ್ಪದರ ಜೆಲಟಿನ್, ತೇವ ಕುಡಿದರೆ ಅದು ಗೋಂದೇ. ಇದೆಲ್ಲ ಆಗ ತಿಳಿಯದು. ಬ್ಲೇಡು ತೂರಿಸಿ ಎಬ್ಬಿಸಿದೆ. ಅಜ್ಜನ ಎಡಗಣ್ಣು, ಪೇಟದ ಜರಿ ಗಾಜಿನ ಮೇಲೆ ಉಳಿದವು, ಮಿಕ್ಕ ಅಜ್ಜ ನನ್ನ ಕೈಗೆ ಬಂದರು. ಅಂಟಿದ್ದರೆ ಅಂಟಿಕೊಂಡೇ ಇರಲಿ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಅಂಗಡಿಯ ಹತ್ತಿರವಂತೂ ಹಾಯಬೇಡಿ.

ಬರೆಯುವುದಿದ್ದರೆ ಹಿಂಬದಿಯಲ್ಲಿ, ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೆರೆ ಮುಂಭಾಗಕ್ಕೆ ಉಬ್ಬುತ್ತದೆ. ಬೇಲೂರಿನ ಫೋಟೊಗೆ ನಾನು ಬಹಳ ದಿನ ಏನೂ ಬರೆದಿರಲಿಲ್ಲ. ಆ ಪ್ರವಾಸದ ಹನ್ನೆರಡರಲ್ಲಿ ಒಂದರಲ್ಲೂ ಅಮ್ಮ ಇಲ್ಲ, ಕ್ಯಾಮೆರಾ ಅವಳ ಕೈಯಲ್ಲಿತ್ತು. ಬಿಸಿಲು ಬೆನ್ನಿಗಿರಬೇಕು ಅಂತ ಆಗ ಎಲ್ಲರಿಗೂ ಕಲಿಸುತ್ತಿದ್ದರು. ಹಾಗಾಗಿ ಅಪ್ಪ, ಚಿಕ್ಕಪ್ಪ, ನಾನು ಮೂವರೂ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇವೆ. ಎಷ್ಟು ಸಲ ನೋಡಿದ್ದೆನೋ, ಎಲ್ಲ ಸಲವೂ ಮುಖಗಳನ್ನೇ. ಹೋದ ವರ್ಷ ಭೂತಗನ್ನಡಿಯನ್ನು ಕೆಳಗಿನ ಬಲಮೂಲೆಗೆ ಜಾರಿಸಿದಾಗ ಹಾಸುಗಲ್ಲಿನ ಮೇಲೆ ಉದ್ದಕ್ಕೆ ಬಿದ್ದ ಒಂದು ನೆರಳು ಕಂಡಿತು: ಎತ್ತಿದ ಎರಡು ಮೊಣಕೈ, ಗಾಳಿಗೆ ಹಾರಿದ ಸೆರಗು. ಈಗ ಹಿಂಬದಿಯಲ್ಲಿ ಪೆನ್ಸಿಲಿನ ಎರಡು ಸಾಲಿವೆ. ಬೇಲೂರು, ನಿಂತವರು: ಅಪ್ಪ, ಚಿಕ್ಕಪ್ಪ, ನಾನು. ನೆರಳು: ಅಮ್ಮ.