ಎದೆಗೆ ತಾಕುವ ಕ್ರಿಪ್ಟೋಸ್

ಹೆವಿ ಮೆಟಲ್ ಕೇಳಬೇಕಾದದ್ದು ಸಣ್ಣ ಜಾಗದಲ್ಲಿ. ಬೆಂಗಳೂರಿನ ಕ್ರಿಪ್ಟೋಸ್ ತಂಡವನ್ನು ಪಬ್ಬಿನ ಪುಟ್ಟ ವೇದಿಕೆಯೆದುರು ನಿಂತು ಕೇಳಿದವರಿಗೆ ಇದು ಗೊತ್ತು.

1998ರಲ್ಲಿ ಹುಟ್ಟಿದ ಈ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಹೊಲಗಳ ನಡುವೆ ಸಾವಿರಾರು ಜನ ಸೇರುವ ಜಾತ್ರೆ ಅದು. ಅಂಥಲ್ಲಿ ಹಿಂದೆ ನಿಂತವರಿಗೆ ಸಿಗದ ಸುಖವೊಂದು ಪುಟ್ಟ ಸಭಾಂಗಣದಲ್ಲಿ ಸಿಗುತ್ತದೆ: ನುಡಿಸುವ ಕೈಗಳು ಕಾಣುತ್ತವೆ.

ಹಾಡುತ್ತಲೇ ಗಿಟಾರ್ ನುಡಿಸುವ ನೋಲನ್ ಲೂಯಿಸ್ ಅವರ ಬಲ ಅಂಗೈಯ ಅಂಚು ತಂತಿಗಳ ಬುಡದ ಮೇಲೆ ಹಗುರವಾಗಿ ಕೂತಾಗ ನಾದದ ಬಾಲ ತುಂಡಾಗುತ್ತದೆ. ಓಡುವ ಕುದುರೆಯ ಗೊರಸಿನಂಥ ಬಿಗಿ ಸದ್ದು ಹೊಮ್ಮುತ್ತದೆ. ಕೈ ಎತ್ತಿದ ಕೂಡಲೇ ಅದೇ ತಂತಿ ಗರ್ಜಿಸುತ್ತದೆ. ಪಕ್ಕದಲ್ಲಿ ರೋಹಿತ್ ಚತುರ್ವೇದಿ ಅದೇ ಧಾಟಿಯನ್ನು ಕೆಲವು ಸ್ವರ ಮೇಲೆ ಹಿಡಿದರೆ ಎರಡು ಗಿಟಾರ್ ಜೊತೆಯಾಗಿ ಹಾಡುತ್ತವೆ. ಐರನ್ ಮೇಡನ್‌ನಂಥ ಬ್ರಿಟಿಷ್ ತಂಡಗಳು ಬೆಳೆಸಿದ ವರಸೆ ಇದು. 2019ರ ‘ಆಫ್ಟರ್‌ಬರ್ನರ್’ ಆಲ್ಬಮ್ಮಿನಲ್ಲೂ ಈ ಜೋಡಿ ನಡಿಗೆ ಕೇಳುತ್ತದೆ.

ಬಾಸ್ ಡ್ರಮ್ಮಿನ ಏಟು ಕಿವಿಯ ಜೊತೆಗೆ ಎದೆಗೂ ತಾಕುತ್ತದೆ. ಮುಂದಿನ ಸಾಲಿನ ತಲೆಗಳೆಲ್ಲ ಒಂದೇ ತಾಳಕ್ಕೆ ಬಾಗುತ್ತವೆ.

ಟಿಕೆಟ್ ಕೊಂಡು ಹೋಗಿ, ವೇದಿಕೆಯ ಹತ್ತಿರ ನಿಲ್ಲಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವುದನ್ನು ಮರೆಯಬೇಡಿ.