ಅತ್ತೆಯ ಮಾತು ಕೇಳದ ಸೊಸೆ

ನಮ್ಮ ಚರ್ಚಿನ ಮದುವೆಗಳಲ್ಲಿ ಬೈಬಲಿನ ರೂತಳ ಪ್ರತಿಜ್ಞೆಯನ್ನು ಓದುವುದುಂಟು. ಸಾಯುವ ತನಕ ಜೊತೆ ಬಿಡೆನೆಂಬ ಆ ಮಾತು ಹೆಂಡತಿ ಗಂಡನಿಗೆ ಹೇಳಿದ್ದಲ್ಲ, ವಿಧವೆ ಸೊಸೆ ವಿಧವೆ ಅತ್ತೆಗೆ ದಾರಿಯಲ್ಲಿ ನಿಂತು ಹೇಳಿದ್ದು. ಕುಳಿತವರಲ್ಲಿ ಎಷ್ಟು ಮಂದಿಗೆ ಅದು ನೆನಪಿರುತ್ತದೋ!

ನಾಲ್ಕೇ ಅಧ್ಯಾಯಗಳ ಪುಸ್ತಕ ಅದು. ಬೆತ್ಲೆಹೇಮಿನಲ್ಲಿ ಬರ ಬಂದು ನೊವೊಮಿಯ ಸಂಸಾರ ಮೋವಾಬಿಗೆ ಗುಳೆ ಹೋಗುತ್ತದೆ. ಅಲ್ಲಿ ಗಂಡನೂ ಇಬ್ಬರು ಗಂಡುಮಕ್ಕಳೂ ತೀರಿಕೊಳ್ಳುತ್ತಾರೆ. ಊರಿಗೆ ಹೊರಟ ನೊವೊಮಿ, ಮೋವಾಬಿನವರೇ ಆದ ಸೊಸೆಯರಿಬ್ಬರಿಗೂ ತೌರಿಗೆ ಹಿಂದಿರುಗಿರೆಂದು ಮತ್ತೆ ಮತ್ತೆ ಹೇಳುತ್ತಾಳೆ. ಒರ್ಫಾ ಅಳುತ್ತ ಹಿಂದಿರುಗುತ್ತಾಳೆ, ರೂತಳು ಹೋಗುವುದಿಲ್ಲ. ಪ್ರಸಂಗಗಳಲ್ಲಿ ರೂತಳನ್ನು ವಿಧೇಯ ಸೊಸೆಯೆಂದು ಹೊಗಳುವುದನ್ನು ಕೇಳಿ ನನಗೆ ನಗು ಬರುತ್ತದೆ. ಅತ್ತೆಯ ಮಾತು ಕೇಳಿದವಳು ಒರ್ಫಾ! ಪುಸ್ತಕ ಅವಳನ್ನು ಎಲ್ಲಿಯೂ ಬಯ್ಯುವುದಿಲ್ಲ, ಬಯ್ಯುವವರು ನಾವು. ಗಂಡಂದಿರ ಸಾವಿನೊಂದಿಗೆ ಇಬ್ಬರ ಋಣವೂ ಹರಿದಿತ್ತು. ಆಮೇಲಿನದು ರೂತಳು ತಾನಾಗಿ ಆರಿಸಿಕೊಂಡ ಸಂಬಂಧ.

ನನಗೆ ನುಂಗಲಾರದ ತುತ್ತಾದವಳು ನೊವೊಮಿ. ಊರು ಸೇರಿದೊಡನೆ, ದೇವರು ತನ್ನನ್ನು ಬರಿದುಮಾಡಿ ಕರೆತಂದನೆಂದು ಹೆಂಗಸರ ಮುಂದೆ ಗೋಳಾಡುತ್ತಾಳೆ. ಜೊತೆಗೆ ಬಂದ ರೂತಳು ಅವಳ ಕಣ್ಣಿಗೆ ಬೀಳಲಿಲ್ಲವೆ?

ನನ್ನ ಗಂಡ ತೀರಿಕೊಂಡಾಗ ನನಗೆ ಮೂವತ್ತೊಂದು. ಅತ್ತೆಯ ಜೊತೆಗೇ ಉಳಿದೆ. ಪ್ರೀತಿಯಿಂದ ಎಂದರೆ ಸುಳ್ಳಾದೀತು. ನನ್ನ ಶಾಲೆ ಆ ಊರಿನಲ್ಲಿತ್ತು. ಪ್ರೀತಿ ನಿಧಾನವಾಗಿ ಬಂತು. ಬಂದವರಿಗೆಲ್ಲ ಅತ್ತೆ "ನನಗೆ ಯಾರಿದ್ದಾರೆ ಹೇಳಿ" ಎನ್ನುತ್ತಿದ್ದರು, ನಾನು ಒಳಗೆ ಅವರಿಗೇ ಕಾಫಿ ಸೋಸುತ್ತಿರುವಾಗ. ಹತ್ತೊಂಬತ್ತು ವರ್ಷ ಅದನ್ನು ಕೇಳಿದೆ. ಅವರು ಹೋದ ಮೇಲೆ ಈ ಪುಸ್ತಕವನ್ನು ಮತ್ತೆ ಓದಿದಾಗ, ಮಗನನ್ನು ಮಣ್ಣು ಮಾಡಿದ ತಾಯಿಯ ಆ ಮಾತು ನನಗೆ ಅಂದದ್ದಲ್ಲ ಎನ್ನಿಸಿತು. ಈ ಸೊಸೆ ಏಳು ಗಂಡುಮಕ್ಕಳಿಗಿಂತ ಮೇಲೆಂದು ಕೊನೆಗೆ ಹೇಳುವವರೂ ನೆರೆಯ ಹೆಂಗಸರೇ, ನೊವೊಮಿಯಲ್ಲ. ಬರೆದವರು ಬೇಕೆಂದೇ ಹಾಗೆ ಬಿಟ್ಟಿರಬೇಕು. ಅವರಿಗೆ ಮನೆಗಳ ಒಳಗು ಗೊತ್ತಿತ್ತು.

ಬೋವಜನೊಡನೆ ಮದುವೆ, ಮಗು, ದಾವೀದನ ವಂಶ, ಇದನ್ನೆಲ್ಲ ಪಾದ್ರಿಗಳು ಹೇಳಿಯೇ ಹೇಳುತ್ತಾರೆ. ನನಗೆ ಹಿಡಿಸಿದ್ದು ಎರಡನೆಯ ಅಧ್ಯಾಯ. ಹೊಲದಲ್ಲಿ ಹಕ್ಕಲಾಯುವ ರೂತಳು, ಊಟದ ಹೊತ್ತಿಗೆ ಕೊಟ್ಟ ಹುರಿಗಾಳನ್ನು ಹೊಟ್ಟೆ ತುಂಬ ತಿಂದು, ಮಿಕ್ಕದ್ದನ್ನು ಎತ್ತಿಟ್ಟುಕೊಂಡು, ಸಂಜೆ ಜವೆಗೋದಿಯ ಜೊತೆ ಅತ್ತೆಗೆ ತಂದುಕೊಡುತ್ತಾಳೆ. ದಾರಿಯಲ್ಲಿ ಆಡಿದ ದೊಡ್ಡ ಮಾತು ಮನೆಯೊಳಕ್ಕೆ ಬಂದದ್ದು ಹೀಗೆ. ತಾನು ಉಪವಾಸವಿದ್ದು ತಂದಳೆಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಬರುವ ತಿಂಗಳು ಸಹೋದ್ಯೋಗಿಯೊಬ್ಬರ ಮಗಳ ಮದುವೆ, ವಾಚನ ನನ್ನದು. ಈ ಭಾಗವನ್ನು ಓದಲೇ ಎಂದು ಪಾದ್ರಿಗಳನ್ನು ಕೇಳಿದ್ದೇನೆ. "ಮದುವೆಯಲ್ಲಿ ಹುರಿಗಾಳೇ ಟೀಚರ್?" ಎಂದು ನಕ್ಕರು. ಇನ್ನೂ ಒಪ್ಪಿಲ್ಲ.