ಒಲೆಯಲ್ಲಿ ಸುಟ್ಟ ಜೋಡು

ಫಿಲಿಪ್ ಹ್ಯಾಲಿಯವರ ‘ಲೆಸ್ಟ್ ಇನೊಸೆಂಟ್ ಬ್ಲಡ್ ಬಿ ಶೆಡ್’ ಎಂಬ ಗ್ರಂಥ ಅಚ್ಚಾದುದು 1979ರಲ್ಲಿ. ಅದು ನನ್ನ ಕೈಸೇರಿದುದು ತೀರ ಈಚೆಗೆ, ಅದೂ ಒಂದು ಬಗೆಯ ಶಿಕ್ಷೆಯಾಗಿ. ನಮ್ಮ ಭಜನಮಂಡಲಿಯವರು ಭಾನುವಾರಗಳಂದು ಊರಾಚೆಯ ಗುಡಿಸಲುಗಳಿಗೆ ಅಕ್ಕಿ ಬೇಳೆ ಬಟ್ಟೆಗಳನ್ನು ಒಯ್ಯುವುದುಂಟು. ಅಲ್ಲಿರುವವರು ತಮ್ಮ ದೇಶವನ್ನು ಬಿಟ್ಟು ಓಡಿಬಂದವರು. ಒಂದು ವಾರ ಹೆಂಗಸೊಬ್ಬಳು ನಾನು ನೀಡಿದ ಸೀರೆಯನ್ನು ಮುಟ್ಟದೆ, ಮಗುವಿನ ಔಷಧದ ಚೀಟಿಯನ್ನು ಮುಂದೆ ಹಿಡಿದಳು. ಸೀರೆ ಹಳೆಯದೆಂದು ಬೇಡವೆಂದಳೆಂದೇ ನನಗೆ ತೋರಿತು. ಮನಸ್ಸಿಗೆ ಕಸಿವಿಸಿಯಾಯಿತು. ಚೀಟಿಯನ್ನು ಕೈಗೆ ತೆಗೆದುಕೊಳ್ಳದೆ ಮುಂದಿನ ಗುಡಿಸಲಿಗೆ ಹೋದೆ. ಆಮೇಲೆ ಹೋಗುವುದನ್ನೇ ನಿಲ್ಲಿಸಿದೆ. “ಉತ್ಸಾಹ ಬತ್ತಿತು” ಎಂದು ಮಂಡಲಿಯ ಕಾರ್ಯದರ್ಶಿಗಳಿಗೆ ಹೇಳಿದಾಗ ಅವರು ಮಾತನಾಡದೆ ಈ ಪುಸ್ತಕವನ್ನು ಕೊಟ್ಟರು.

ಗ್ರಂಥದ ವಸ್ತು ಫ್ರಾನ್ಸಿನ ಗುಡ್ಡಗಾಡಿನ ಲ ಶಾಂಬೋಂ ಎಂಬ ಹಳ್ಳಿ. ಅಲ್ಲಿಯವರು ಬಹುಪಾಲು ಪ್ರಾಟೆಸ್ಟೆಂಟ್ ಕ್ರೈಸ್ತರು. 1685ರಲ್ಲಿ ಫ್ರಾನ್ಸಿನ ದೊರೆ ಅವರ ಧರ್ಮಸ್ವಾತಂತ್ರ್ಯವನ್ನು ಕಿತ್ತುಕೊಂಡಂದಿನಿಂದ ಓಡುವುದು, ಅಡಗುವುದು, ಅಡಗಿಸುವುದು ಅವರ ಮನೆತನಗಳ ನೆನಪಿನಲ್ಲೇ ಇತ್ತು. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಮೇಲೆ ಯೆಹೂದ್ಯರು ಈ ಹಳ್ಳಿಗೆ ಬರತೊಡಗಿದರು. ಹಳ್ಳಿ ಅವರನ್ನು ಸಾಕಿತು, ಮಕ್ಕಳನ್ನು ಓದಿಸಿತು, ಕಳ್ಳಚೀಟಿಗಳನ್ನು ಮಾಡಿಕೊಟ್ಟಿತು, ಕೆಲವರನ್ನು ಸ್ವಿಟ್ಜರ್ಲೆಂಡಿನ ಗಡಿ ದಾಟಿಸಿತು. ಹ್ಯಾಲಿಯವರು ಸುಮಾರು 2500 ಜನರೆಂದರೆ, ಮತ್ತೆ ಕೆಲವರು 5000 ಎನ್ನುವರು. ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ.

ಹ್ಯಾಲಿ ಅಮೆರಿಕದ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರು. ಕ್ರೌರ್ಯವೆಂದರೇನೆಂಬುದನ್ನು ವರುಷಗಟ್ಟಲೆ ಅಭ್ಯಾಸಮಾಡಿ ಮನಸ್ಸು ಕಲ್ಲಾಗುತ್ತಿದ್ದಾಗ, ಈ ಹಳ್ಳಿಯ ಸಂಗತಿಯನ್ನು ಎಲ್ಲೋ ಓದಿ ತಮಗರಿಯದೆಯೇ ಅತ್ತರಂತೆ. ಆ ಕಣ್ಣೀರಿನ ಕಾರಣವನ್ನು ಹುಡುಕಿ ಹೊರಟವರು ಅವರು. ಪಾದ್ರಿ ಆಂದ್ರೆ ಟ್ರೊಕ್ಮೆಯವರ ಅಹಿಂಸಾನಿಷ್ಠೆಯಲ್ಲಿ ಅದನ್ನು ಕಂಡೆನೆಂದು ಅವರು ನಂಬಿದಂತೆ ತೋರುತ್ತದೆ. ಟ್ರೊಕ್ಮೆ ಮಹಾನುಭಾವರೇ ಸರಿ. ಪೊಲೀಸರು ಹೆಸರುಗಳ ಪಟ್ಟಿ ಕೇಳಿದಾಗ ಕೊಡಲಿಲ್ಲ. 1943ರ ಫೆಬ್ರವರಿಯಲ್ಲಿ ಸೆರೆಹೋದಮೇಲೆ, ಸರ್ಕಾರದ ಆಜ್ಞೆಗಳನ್ನು ಪಾಲಿಸುವೆನೆಂದು ಸಹಿ ಹಾಕಿದರೆ ಬಿಡುಗಡೆಯೆಂದರು, ಅದಕ್ಕೂ ಒಪ್ಪಲಿಲ್ಲ. ಆದರೆ ಗ್ರಂಥಕರ್ತರು ಇವರೊಬ್ಬರನ್ನೇ ಗುಡಿಯ ಗರುಡಗಂಬವಾಗಿ ನಿಲ್ಲಿಸಿದುದರಿಂದ ಸುತ್ತಣ ಪೌಳಿ ಮಸುಕಾಗಿದೆ. ನೆರೆಯ ಹಳ್ಳಿಗಳು, ಮಕ್ಕಳನ್ನು ಸಾಗಿಸುತ್ತಿದ್ದ ಯೆಹೂದ್ಯರದೇ ಆದ ಸಂಘಗಳು, ಹಣ ಒದಗಿಸಿದ ಕ್ವೇಕರರು — ಇವರಿಗೆ ಸಲ್ಲಬೇಕಾದಷ್ಟು ಪುಟಗಳು ಸಂದಿಲ್ಲ. ಇದು ಸಣ್ಣ ದೋಷವಲ್ಲ.

ಪ್ರೇರಣೆಯೇ ಪ್ರಶ್ನೆಯಾದರೆ ಒಬ್ಬರಿಗೂ ಇನ್ನೊಬ್ಬರಿಗೂ ತಾಳೆಯೇ ಇಲ್ಲವೆಂಬುದು ಈ ಪುಸ್ತಕದಲ್ಲೇ ಕಾಣುವ ಸಂಗತಿ. ಡಾರ್ಬಿ ಪಂಥದ ರೈತರಿಗೆ ಯೆಹೂದ್ಯರು ಬೈಬಲಿನ ಪುಟದಿಂದ ಎದ್ದುಬಂದ ದೇವರ ಪ್ರಜೆ. ಪಾದ್ರಿಗಳಿಗೆ ಕ್ರಿಸ್ತನ ಆಜ್ಞೆ. ಅವರ ಬಂಧು, ತರುಣ ಉಪಾಧ್ಯಾಯ ದನಿಯೆಲ್ ಟ್ರೊಕ್ಮೆಗಾದರೋ ಮುಂದೊಂದು ದಿನ ತನ್ನ ಮುಖಕ್ಕೆ ತಾನೇ ನಾಚಬಾರದೆಂಬ ಚಿಂತೆ. 1943ರ ಜೂನ್‌ನಲ್ಲಿ ತನ್ನ ವಿದ್ಯಾರ್ಥಿಗಳೊಡನೆ ಸೆರೆಸಿಕ್ಕ ಆತ, ಮರುವರ್ಷ ಏಪ್ರಿಲ್‌ನಲ್ಲಿ ಮಾಯ್ದಾನೆಕ್ ಶಿಬಿರದಲ್ಲಿ ತೀರಿಕೊಂಡ. ಇಷ್ಟು ಬೇರೆಬೇರೆ ನೀರುಗಳು ಒಂದೇ ಕಾಲುವೆಯಲ್ಲಿ ಹರಿದುದು ಹೇಗೆ? ಹ್ಯಾಲಿ ಇದನ್ನು ತತ್ತ್ವದಿಂದ ಬಿಡಿಸಹೊರಡುತ್ತಾರೆ. ಆ ಪುಟಗಳು ನನಗೆ ಸಪ್ಪೆಯೆನಿಸಿದವು. ಆದರೆ ಅವರು ಅಡಿಗೆಮನೆಗೆ ಕಾಲಿಟ್ಟಾಗಲೆಲ್ಲ ಬರಹಕ್ಕೆ ಜೀವ ಬರುತ್ತದೆ.

ಆ ಅಡಿಗೆಮನೆ ಪಾದ್ರಿಗಳ ಹೆಂಡತಿ ಮಗ್ದಾ ಅವರದು. ಈಕೆ ಇಟಲಿಯ ಫ್ಲಾರೆನ್ಸಿನಲ್ಲಿ ಹುಟ್ಟಿದವರು. ಗಂಡನ ಗಟ್ಟಿ ಶ್ರದ್ಧೆ ಈಕೆಗೆ ಒಗ್ಗಿದುದಲ್ಲ; ದೇವರ ವಿಚಾರವಾಗಿ ಮಾತು ಕಡಮೆ. 1940–41ರ ಚಳಿಗಾಲದ ಒಂದು ಸಂಜೆ, ಹೊರಗೆ ಹಿಮ. ಜರ್ಮನಿಯಿಂದ ಓಡಿಬಂದ ಯೆಹೂದ್ಯ ಹೆಂಗಸೊಬ್ಬಳು ಬಾಗಿಲಲ್ಲಿ ನಡುಗುತ್ತ ನಿಂತಿದ್ದಾಳೆ. ಮಗ್ದಾ ಒಳಗೆ ಕರೆದರು, ಊಟವಿಟ್ಟರು, ನೆನೆದ ಜೋಡುಗಳನ್ನು ಒಣಗಲೆಂದು ಒಲೆಯಲ್ಲಿಟ್ಟರು. ಬಳಿಕ ಊರಿನ ಮೇಯರನ್ನು ಕಂಡು ಈಕೆಗೊಂದು ಚೀಟಿ ಕೇಳೋಣವೆಂದು ಹೊರಟರು. ತಪ್ಪೇನಿದೆ, ನ್ಯಾಯವಾದ ಕೆಲಸ! ಮೇಯರು ಸಿಡಿದುಬಿದ್ದರು: ಒಬ್ಬ ಪರದೇಶಿಗಾಗಿ ಊರಿಗೆಲ್ಲ ಆಪತ್ತೇ? ನಾಳೆ ಬೆಳಗಿನೊಳಗೆ ಆಕೆ ಹೋಗಿರಬೇಕು. ಮಗ್ದಾ ಹಿಂದಿರುಗಿದರೆ ಒಲೆಯಲ್ಲಿ ಜೋಡುಗಳು ಸುಟ್ಟು ಕರಕಾಗಿದ್ದವು. ಆ ಕೊರತೆಯ ಕಾಲದಲ್ಲಿ ಬೇರೆ ಜೋಡು ಹುಡುಕುತ್ತ ಅಲೆದರು. ಆ ಹೆಂಗಸನ್ನು ಬೇರೆಡೆಗೆ ಕಳುಹಿಸಲೇಬೇಕಾಯಿತು.

ಹಳ್ಳಿಯ ಕೀರ್ತಿಯ ಮೊದಲ ಅಧ್ಯಾಯ ಹೀಗೆ ಸೋಲಿನಿಂದ ಆರಂಭವಾಗುತ್ತದೆ. ಕೇಳಬಾರದವರನ್ನು ಕೇಳಿದೆನಲ್ಲ ಎಂದು ಮಗ್ದಾ ಕಲಿತರು. ಎರಡನೆಯವರು ಬಂದಾಗ ಮೇಯರ ಬಳಿಗೆ ಹೋಗಲಿಲ್ಲ. ಮುಂದೆ ಜನ ಬಂದು ಹೊಗಳಿದಾಗಲೂ, ತಾನೇನೂ ಹುಡುಕಿಕೊಂಡು ಹೋದವಳಲ್ಲ, ಬಂದವರಿಗೆ ಬಾಗಿಲು ಹಾಕಲು ಬರಲಿಲ್ಲ, ಅಷ್ಟೆ, ಎಂಬ ಧಾಟಿಯಲ್ಲಿ ಮಾತು ತೇಲಿಸಿದರು. ಪಾದ್ರಿಗಳನ್ನು ಸೆರೆಹಿಡಿಯಲು ಬಂದ ಪೊಲೀಸರಿಗೂ ಈಕೆ ಊಟಕ್ಕೇಳಿ ಎಂದವರೇ! ಏಕೆಂದರೆ ಅದು ಊಟದ ಹೊತ್ತಾಗಿತ್ತು. ಆ ರಾತ್ರಿ ಹಳ್ಳಿಗರು ಸೆರೆಗೆ ಹೋಗುವವರಿಗೆ ತಂದ ಬುತ್ತಿಯನ್ನು ನೋಡಿ: ಮೇಣದ ಬತ್ತಿ, ಡಬ್ಬಿಯ ಮೀನು, ಶೌಚದ ಕಾಗದದ ಒಂದು ಸುರುಳಿ. ಶಿಬಿರದಲ್ಲಿ ಬಿಚ್ಚಿದಾಗ ಆ ಸುರುಳಿಯ ಮೇಲೆ ಪೆನ್ಸಿಲಿನಲ್ಲಿ ಬೈಬಲಿನ ವಾಕ್ಯಗಳಿದ್ದವು. ಭಕ್ತಿ ಎಲ್ಲಿ ಮುಗಿದು ಬಳಕೆ ಎಲ್ಲಿ ಮೊದಲಾಯಿತೆಂದು ಇದರಲ್ಲಿ ಗೆರೆಯೆಳೆಯುವ ತತ್ತ್ವಜ್ಞಾನಿ ಇನ್ನೂ ಹುಟ್ಟಬೇಕು.

ನಮ್ಮ ಭಾಷೆಯಲ್ಲಿ ‘ಶರಣು’ ಎಂದರೆ ಆಶ್ರಯ. ಆಶ್ರಯ ಬೇಡಿಬಂದವನು ಶರಣಾಗತ. ಭಕ್ತನಿಗೂ ‘ಶರಣ’ನೆಂದೇ ಹೆಸರು. ಕೊಡುವ ಭಕ್ತನೂ ಬೇಡುವ ಪರದೇಶಿಯೂ ಒಂದೇ ಶಬ್ದದ ಮನೆಯವರು. ಪುಸ್ತಕವನ್ನೋದುತ್ತ ಇದು ನೆನಪಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ನಾನು ಭಾನುವಾರಗಳಂದು ಒಯ್ಯುತ್ತಿದ್ದುದು ಸೀರೆ. ಎದುರುನೋಡುತ್ತಿದ್ದುದು ಕೈಮುಗಿಯುವ ಕೈ. ಕೈ ಮುಗಿಯದಿದ್ದಾಗ ಉತ್ಸಾಹ ಬತ್ತದೆ ಏನಾದೀತು?

ಹ್ಯಾಲಿಯವರ ಪ್ರಾಮಾಣಿಕತೆಯ ಬಗ್ಗೆ ಒಂದು ಮಾತು. ಆ ಯುದ್ಧದಲ್ಲಿ ಅವರೇ ಫಿರಂಗಿದಳದ ಸೈನಿಕರಾಗಿ ಹೋರಾಡಿದವರು. ಹಿಟ್ಲರನನ್ನು ತಡೆದುದು ಲ ಶಾಂಬೋಂ ಅಲ್ಲ, ತಮ್ಮಂಥವರ ಫಿರಂಗಿಗಳೆಂಬುದನ್ನು ಅವರು ಮರೆಯರು. ತಾವು ಮೆಚ್ಚಿದ ಅಹಿಂಸೆಗೆ ತಾವು ಪೂರ್ತಿ ಒಪ್ಪಲಾರೆವೆಂಬ ಈ ಇಕ್ಕಟ್ಟನ್ನು ಮುಚ್ಚಿಡದಿರುವುದರಿಂದಲೇ ಗ್ರಂಥ ಸ್ತೋತ್ರಪಾಠವಾಗುವುದು ತಪ್ಪಿದೆ. ಅದೇ ಹಳ್ಳಿಯಲ್ಲಿ 1944ರಲ್ಲಿ ಹುಟ್ಟಿದ ಪಿಯೇರ್ ಸೊವಾಜ್ ‘ವೆಪನ್ಸ್ ಆಫ್ ದಿ ಸ್ಪಿರಿಟ್’ ಎಂಬ ಚಿತ್ರ ತೆಗೆದರು. ಅದರಲ್ಲಿ ಮುದುಕ ರೈತರು ಕಾರಣ ಕೇಳಿದರೆ ಭುಜ ಕುಣಿಸುವುದನ್ನು ನೋಡಬಹುದು. ಹ್ಯಾಲಿಯ ವಿವರಣೆಗಿಂತ ಆ ಮೌನ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿತು. 1990ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಹಳ್ಳಿಯನ್ನು ಇಡಿಯಾಗಿ ಗೌರವಿಸಿತು.

ಕನ್ನಡದಲ್ಲಿ ಈ ಗ್ರಂಥದ ಸಂಗ್ರಹಾನುವಾದವಾದರೂ ಬರಬೇಕು. ಅನುವಾದಕರು ತತ್ತ್ವದ ಅಧ್ಯಾಯಗಳನ್ನು ಕತ್ತರಿಸಿದರೂ ಚಿಂತೆಯಿಲ್ಲ, ಜೋಡು ಸುಟ್ಟ ಪುಟವನ್ನು ಬಿಡದಿರಲಿ.

ಪುಸ್ತಕ ಮುಗಿಸಿ ಕಳೆದ ಭಾನುವಾರ ಗುಡಿಸಲುಗಳ ಕಡೆಗೆ ಹೋದೆ, ಕಾರ್ಯದರ್ಶಿಗಳೊಡನೆ. ಔಷಧಕ್ಕೆಂದು ಹಣ ಇಟ್ಟುಕೊಂಡಿದ್ದೆ. ಆ ಗುಡಿಸಲಿನಲ್ಲಿ ಬೇರೊಂದು ಸಂಸಾರವಿತ್ತು. ಮೊದಲಿದ್ದವರು ಎಲ್ಲಿಗೆ ಹೋದರೆಂದು ಅವರಿಗೆ ತಿಳಿಯದು. ಒಳಗಿನಿಂದ ಹುಡುಗನೊಬ್ಬ ಬಂದು, ಏನು ತಂದಿದ್ದೀರಿ ಎಂದು ನನ್ನ ಚೀಲದೊಳಗೆ ಇಣಿಕಿದ.